ಹಿರಿಯರ ನಡಿಗೆ: ಸೆನ್ಸರ್ ಕಟ್ಟಿ ಅಳೆಯುವುದು ಹೇಗೆ?

ವಯಸ್ಸಾದವರ ನಡಿಗೆ ಕುಗ್ಗುತ್ತಿರುವುದು ದಿನವೂ ಜೊತೆಯಲ್ಲಿರುವವರ ಕಣ್ಣಿಗೆ ಬೀಳುವುದು ತಡವಾಗಿಯೇ. ಬೆಂಕಿಪೊಟ್ಟಣದಷ್ಟು ಗಾತ್ರದ ಎರಡು ನಿಸ್ತಂತು ಸೆನ್ಸರ್‌ಗಳಿದ್ದರೆ ಅದನ್ನು ಮನೆಯಲ್ಲೇ ಅಳೆಯಬಹುದು. ಒಳಗಿರುವ ಅಕ್ಸೆಲೆರೋಮೀಟರ್ ಕಾಲಿನ ಎಳೆತ-ಕುಲುಕುಗಳನ್ನೂ ಜೈರೋಸ್ಕೋಪ್ ಕಾಲು ಬೀಸುವ ವೇಗವನ್ನೂ ಸೆಕೆಂಡಿಗೆ ಸುಮಾರು 100 ಸಲ ಅಳೆದು ಬ್ಲೂಟೂತ್ ಮೂಲಕ ಮೊಬೈಲ್‌ಗೆ ಕಳಿಸುತ್ತವೆ. ಲೆಕ್ಕ ತಪ್ಪಿದಾಗ ಎಲ್ಲರೂ ಯಂತ್ರವನ್ನು ದೂರುತ್ತಾರೆ. ನನಗೆ ಕಂಡಂತೆ ತಪ್ಪು ಬಹುಪಾಲು ಇರುವುದು ಪಟ್ಟಿ ಕಟ್ಟಿದ ಕೈಯಲ್ಲಿ.

ಕಟ್ಟುವ ಮೊದಲು ಎರಡೂ ಸೆನ್ಸರ್‌ಗಳನ್ನು ಒಂದೇ ಕೈಯಲ್ಲಿ ಜೋಡಿಸಿ ಹಿಡಿದು ಮೇಜಿಗೆ ಮೂರು ಸಲ ಮೆಲ್ಲಗೆ ಕುಟ್ಟಬೇಕು. ಒಂದೊಂದರ ಗಡಿಯಾರವೂ ಬೇರೆಯಾಗಿರುವುದರಿಂದ, ಎರಡರ ಅಂಕಿಗಳಿಂದ ಮೂಡುವ ನಕ್ಷೆಗಳಲ್ಲಿ (ಗ್ರಾಫ್) ಕಾಣುವ ಈ ಮೂರು ಮೊನೆಗಳನ್ನು ಹೊಂದಿಸಿದರೆ ಎಡ-ಬಲ ಕಾಲುಗಳ ಕಾಲಮಾನ ಒಂದಾಗುತ್ತದೆ. ಅನಂತರ ಕಾಲಿಗೊಂದರಂತೆ, ಪಾದದ ಗಿಣ್ಣಿಗಿಂತ ನಾಲ್ಕು ಬೆರಳು ಮೇಲೆ, ಕಣಕಾಲಿನ ಹೊರಬದಿಯಲ್ಲಿ, ಒಂದು ಬೆರಳು ಮಾತ್ರ ನುಸುಳುವಷ್ಟು ಬಿಗಿಯಾಗಿ ಕಟ್ಟಬೇಕು. ಮೀನಖಂಡದ ಮೇಲೆ ಕಟ್ಟಿದರೆ ಮಾಂಸದ ಅಲುಗಾಟವೂ ನಕ್ಷೆಗೆ ಸೇರುತ್ತದೆ. ಸೀರೆಯ ಅಂಚು ತಾಗಿದರೂ ಸುಳ್ಳು ಮೊನೆಗಳೇಳುತ್ತವೆ; ಆದರೆ ಅಳತೆಗೆಂದು ಅಜ್ಜಿಗೆ ಬೇರೆ ಉಡುಪು ತೊಡಿಸಿದರೆ ನಡಿಗೆಯೇ ಬದಲಾದೀತು, ಆದ್ದರಿಂದ ಅಂಚನ್ನು ತುಸು ಮೇಲೆತ್ತಿ ಸಿಕ್ಕಿಸಿದರೆ ಸಾಕು.

ತಾರಸಿಯಲ್ಲಿ 14 ಮೀಟರ್ ಗುರುತು ಹಾಕಿ, ಆರಂಭದ ಮತ್ತು ಕೊನೆಯ ಎರಡೆರಡು ಮೀಟರ್‌ಗಳನ್ನು ಬಿಟ್ಟು, ನಡುವಿನ ಹತ್ತನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಹತ್ತು ಸೆಕೆಂಡು ಅಲುಗಾಡದೆ ನಿಂತಾಗ ಜೈರೋಸ್ಕೋಪ್ ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಆ ಉಳಿಕೆಯನ್ನು ಮುಂದಿನ ಅಂಕಿಗಳಿಂದ ಕಳೆಯಬೇಕು. ಊರುಗೋಲು ಬಳಸುವವರು ಅದನ್ನು ಹಿಡಿದೇ ನಡೆಯಲಿ. ಮನೆಯವರೊಬ್ಬರು ಪಕ್ಕದಲ್ಲಿ ಅರ್ಧ ಹೆಜ್ಜೆ ಹಿಂದೆ, ಕೈ ಹಿಡಿಯದೆ, ಬಿದ್ದರೆ ಆತುಕೊಳ್ಳುವಂತೆ ಸಾಗಬೇಕು. ಯಾರೋ ನೋಡುತ್ತಿದ್ದಾರೆಂಬ ಅರಿವಿನಿಂದ ಮೊದಲ ಸುತ್ತಿನಲ್ಲಿ ಎಲ್ಲರೂ ಬೀಗಿ ನಡೆಯುವುದುಂಟು. ಮೂರನೆಯ ಸುತ್ತನ್ನು ನಂಬುವುದು ಲೇಸು.

ಜೈರೋಸ್ಕೋಪಿನ ನಕ್ಷೆಯಲ್ಲಿ ಕಾಲು ಬೀಸಿದಾಗಲೆಲ್ಲ ಒಂದು ದೊಡ್ಡ ಗುಡ್ಡ ಏಳುತ್ತದೆ. ಅದರ ಹಿಂದಿನ ತಗ್ಗು ಕಾಲ್ಬೆರಳು ನೆಲ ಬಿಟ್ಟ ಗಳಿಗೆ, ಮುಂದಿನ ತಗ್ಗು ಹಿಮ್ಮಡಿ ನೆಲಕ್ಕೆ ತಾಗಿದ ಗಳಿಗೆ. ಒಂದೇ ಕಾಲಿನ ಹಿಮ್ಮಡಿ ತಾಗಿದಲ್ಲಿಂದ ಮತ್ತೆ ತಾಗುವವರೆಗಿನ ಅವಧಿಯಲ್ಲಿ ಸುಮಾರು ಶೇ 60ರಷ್ಟು ಹೊತ್ತು ಪಾದ ನೆಲದ ಮೇಲಿರುತ್ತದೆ, ಉಳಿದದ್ದು ಗಾಳಿಯಲ್ಲಿ. ನೋಯುವ ಕಾಲು ನೆಲದ ಮೇಲೆ ನಿಲ್ಲುವ ಹೊತ್ತು ಕಡಿಮೆಯಾಗಿ ಎಡ-ಬಲಗಳ ಅಂಕಿ ಬೇರೆಯಾಗುತ್ತದೆ. ಬರಿಗಣ್ಣಿಗೆ ಕುಂಟು ಕಾಣುವ ಮೊದಲೇ ಇದು ನಕ್ಷೆಯಲ್ಲಿ ಕಾಣಬಹುದು.

ವೇಗಕ್ಕೆ ಹತ್ತು ಮೀಟರನ್ನು ಸೆಕೆಂಡುಗಳಿಂದ ಭಾಗಿಸಿದರಾಯಿತು. ವಯಸ್ಸಾದಂತೆ ಸ್ನಾಯು ಕರಗಿ ಬಲ ಕುಗ್ಗುವ ಸ್ನಾಯುಕ್ಷಯದ (ಸಾರ್ಕೋಪೀನಿಯಾ) ಕುರಿತು ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿದ ಮಾನದಂಡದಂತೆ ಸೆಕೆಂಡಿಗೆ 1 ಮೀಟರ್‌ಗಿಂತ ಕಡಿಮೆ ವೇಗವನ್ನು ದೈಹಿಕ ಸಾಮರ್ಥ್ಯ ಕುಗ್ಗಿದ್ದರ ಸೂಚನೆಯೆಂದು ಪರಿಗಣಿಸುತ್ತಾರೆ. ಆದರೂ ಪಕ್ಕದ ಮನೆಯವರ ಅಂಕಿಯೊಂದಿಗೆ ಹೋಲಿಸುವುದಕ್ಕಿಂತ, ಅದೇ ವ್ಯಕ್ತಿಯ ಕಳೆದ ತಿಂಗಳ ಅಂಕಿಯೊಂದಿಗೆ, ಅದೇ ಜಾಗದಲ್ಲಿ, ಅದೇ ಚಪ್ಪಲಿಯಲ್ಲಿ ಹೋಲಿಸುವುದು ಮೇಲು. ಪಾರ್ಕಿನ್ಸನ್ ಕಾಯಿಲೆಯವರಾದರೆ ಮಾತ್ರೆ ನುಂಗಿದ ಹೊತ್ತನ್ನೂ ಅಂಕಿಯ ಪಕ್ಕದಲ್ಲಿ ಬರೆದಿಡಬೇಕು. ಮಾತ್ರೆಯ ಪ್ರಭಾವ ಇಳಿದಾಗಿನ ನಡಿಗೆಯೇ ಬೇರೆ, ಏರಿದಾಗಿನದೇ ಬೇರೆ, ಮತ್ತು ವೈದ್ಯರು ಮೊದಲು ಕೇಳುವುದೂ ಅದನ್ನೇ.