ಕೆಟ್ಟ ಮಾದರಿಗಳ ಪೆಟ್ಟಿಗೆಯಿಂದ ಫೆಲೋಗಳಿಗೆ ಕಲಿಸಿದ ನನ್ನ ಅನುಭವ

ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷಿಸಿ ರೋಗ ಗುರುತಿಸುವ ಮಾಲಿಕ್ಯುಲರ್ ಜೆನೆಟಿಕ್ ಪೆಥಾಲಜಿಯ ಫೆಲೋಶಿಪ್‌ಗೆ (ವೈದ್ಯರ ಉನ್ನತ ತರಬೇತಿಗೆ) ಇರುವುದು ಕೇವಲ 12 ತಿಂಗಳು. ಪೆಥಾಲಜಿಯಿಂದ ಬಂದವರಿಗೆ ವಂಶಾವಳಿ ಓದುವ ರೂಢಿ ಇರುವುದಿಲ್ಲ, ಜೆನೆಟಿಕ್ಸ್‌ನಿಂದ ಬಂದವರಿಗೆ ಸ್ಲೈಡ್ ಓದುವ ರೂಢಿ ಇರುವುದಿಲ್ಲ. ಆದರೆ ಈ ಎರಡು ಕ್ಷೇತ್ರಗಳ ಪ್ರಮಾಣಪತ್ರ ನೀಡುವ ಬೋರ್ಡ್‌ಗಳು ಸೇರಿ 2001ರಲ್ಲಿ ಆರಂಭಿಸಿದ ಪರೀಕ್ಷೆ ಇಬ್ಬರಿಗೂ ಒಂದೇ. ಇಷ್ಟು ಚಿಕ್ಕ ಅವಧಿಯ ಮೊದಲ ಎಂಟು ವಾರಗಳನ್ನು ಸೈನ್‌ಔಟ್‌ಗೆ (ರೋಗಿಗಳ ವರದಿ ಬರೆದು ಅಂತಿಮಗೊಳಿಸುವ ಕೆಲಸಕ್ಕೆ) ಕೊಡದೆ, ನಮ್ಮ ಲ್ಯಾಬ್‌ನಲ್ಲಿ ಕೆಟ್ಟುಹೋದ ಮಾದರಿಗಳ ಅಧ್ಯಯನಕ್ಕೆ ಕೊಡುತ್ತೇನೆ ಎಂದು ಆರು ವರ್ಷಗಳ ಹಿಂದೆ ನಾನು ಹೇಳಿದಾಗ ವಿಭಾಗದಲ್ಲಿ ಒಬ್ಬರೂ ಒಪ್ಪಲಿಲ್ಲ. ವೈದ್ಯರನ್ನು ತಂತ್ರಜ್ಞರನ್ನಾಗಿ ಮಾಡುತ್ತೀರಿ ಎಂಬುದು ಹಿರಿಯ ಸಹೋದ್ಯೋಗಿಯೊಬ್ಬರ ಆಕ್ಷೇಪವಾಗಿತ್ತು.

ಮೊದಲ ವರ್ಷ ಅವರ ಮಾತೇ ನಿಜವಾಯಿತು. ಎಂಟು ವಾರ ಹನ್ನೆರಡಾಯಿತು. ಫೆಲೋ ಪ್ಯಾರಾಫಿನ್ ಬ್ಲಾಕ್‌ನಿಂದ (ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶದಿಂದ) ಡಿಎನ್‌ಎ ತೆಗೆಯುವುದರಲ್ಲಿ ಪಳಗಿದರೇ ಹೊರತು ವರದಿ ಬರೆಯುವುದರಲ್ಲಿ ಹಿಂದುಳಿದರು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಏಳನೆಯ ವಾರದಲ್ಲಿ: ಪಿಸಿಆರ್ (ಡಿಎನ್‌ಎ ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡುವ ವಿಧಾನ) ಆದ ಮೇಲಿನ ಕೋಣೆಯ ರ‍್ಯಾಕ್ ಒಂದು ಪಿಸಿಆರ್‌ಗೆ ಮುಂಚಿನ ಕೋಣೆಯನ್ನು ಸೇರಿತು, ಮರುದಿನ ಡಿಎನ್‌ಎಯನ್ನೇ ಹಾಕದ ಕಂಟ್ರೋಲ್ ಟ್ಯೂಬ್‌ನಲ್ಲಿ ಬಿಆರ್‌ಎಎಫ್ ವಿ600ಇ ಎಂಬ ಕ್ಯಾನ್ಸರ್ ಸಂಬಂಧಿ ಜೀನ್ ಬದಲಾವಣೆ ಕಾಣಿಸಿಕೊಂಡಿತು, ಅಂದರೆ ಹಳೆಯ ಪ್ರತಿಗಳು ಬೆರೆತಿದ್ದವು. ಆ ಪರೀಕ್ಷೆಯನ್ನು ಮೂರು ದಿನ ನಿಲ್ಲಿಸಿ, ತೆರೆದಿದ್ದ ರೀಏಜೆಂಟ್‌ಗಳನ್ನೆಲ್ಲ ಎಸೆದು, ಮೇಜು, ಪಿಪೆಟ್‌ಗಳನ್ನು ಬ್ಲೀಚ್‌ನಿಂದ ಒರೆಸಿದೆವು. ಅಂದು ಫೆಲೋ ಜೊತೆ ಯಾರನ್ನೂ ನಿಲ್ಲಿಸದಿದ್ದದ್ದು ನನ್ನ ತಪ್ಪು. ಆ ವರ್ಷದ ಒಟ್ಟು ಖರ್ಚು, ನನ್ನ ನೆನಪಿನಂತೆ, ಹದಿನಾಲ್ಕು ಸಾವಿರ ಡಾಲರ್ ಹತ್ತಿರ ಹೋಗಿತ್ತು. ಬೋಧನಾ ನಿಧಿಯಲ್ಲಿ ನನಗೆ ಕೊಟ್ಟಿದ್ದದ್ದು ಅದರ ಅರ್ಧ ಮಾತ್ರ.

ಎರಡನೆಯ ವರ್ಷ ನಾನು ಪಿಪೆಟ್‌ನ ಕೆಲಸವನ್ನು ಮೂರು ವಾರಕ್ಕೆ ಇಳಿಸಿ, ಉಳಿದ ಐದು ವಾರಗಳನ್ನು ಪೆಟ್ಟಿಗೆಗೆ ಮೀಸಲಿಟ್ಟೆ. ಪೆಟ್ಟಿಗೆ ಎಂದರೆ ರೋಗಿಯ ಗುರುತುಗಳನ್ನೆಲ್ಲ ತೆಗೆದ ನಲವತ್ತು ಚಿಲ್ಲರೆ ಕೇಸ್‌ಗಳು: ಪ್ರತಿಯೊಂದಕ್ಕೂ ಒಂದು ಸ್ಲೈಡ್, ಡಿಎನ್‌ಎಯ ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್‌ನ ಕಚ್ಚಾ ದತ್ತಾಂಶ, ಮತ್ತು ಅಂಟಿಸಿದ ಲಕೋಟೆಯೊಳಗೆ ನಾವು ಕೊಟ್ಟಿದ್ದ ವರದಿ. ಫೆಲೋ ಮೊದಲು ಸ್ಲೈಡ್ ನೋಡಿ, ಗಡ್ಡೆಯ ಕೋಶಗಳು ಶೇಕಡಾ ಎಷ್ಟಿವೆ ಎಂಬುದನ್ನು ಪೆನ್ನಿನಲ್ಲಿ ಬರೆದು ಸಹಿ ಹಾಕಬೇಕು. ಅದಾದ ಮೇಲೆಯೇ ಕಂಪ್ಯೂಟರ್ ಮುಟ್ಟಬೇಕು. ಈ ಒಂದು ಕಟ್ಟುಪಾಡಿನಿಂದ ಆದಷ್ಟು ಲಾಭ ಬೇರೆ ಯಾವುದರಿಂದಲೂ ಆಗಿಲ್ಲ. ಗಡ್ಡೆಯ ಕೋಶಗಳು ಶೇ. 20 ಮಾತ್ರ ಎಂದು ತಾವೇ ಬರೆದಿಟ್ಟ ಕೇಸ್‌ನಲ್ಲಿ ಬಿಆರ್‌ಸಿಎ2 ಜೀನ್‌ನ ವೇರಿಯೆಂಟ್ (ಬದಲಾವಣೆ) ಓದಿದ ಪ್ರತಿಗಳಲ್ಲಿ ಶೇ. 50ರಷ್ಟು ಕಂಡಾಗ, ಇದು ಗಡ್ಡೆಯದ್ದಲ್ಲದೆ ಹುಟ್ಟಿನಿಂದಲೇ ಬಂದದ್ದಿರಬಹುದು ಎಂಬ ಶಂಕೆ ಫೆಲೋಗೆ ತಾನಾಗಿ ಹುಟ್ಟುತ್ತದೆ. ಅಲ್ಲಿಂದ ಮುಂದೆ ಗಡ್ಡೆಯ ವೇರಿಯೆಂಟ್‌ಗಳಿಗೆ 2017ರಲ್ಲಿ ಬಂದ ನಾಲ್ಕು ಹಂತದ ವರ್ಗೀಕರಣವನ್ನೂ ಆನುವಂಶಿಕ ವೇರಿಯೆಂಟ್‌ಗಳಿಗೆ 2015ರಲ್ಲಿ ಬಂದ ಐದು ವರ್ಗಗಳನ್ನೂ ಕಲಸಿಬಿಡದೆ ಬಳಸುವುದನ್ನು ನಾನು ಪ್ರತ್ಯೇಕವಾಗಿ ಹೇಳಿಕೊಡಬೇಕಾಗಿಲ್ಲ.

ಪೆಟ್ಟಿಗೆಯಲ್ಲಿ ಪೈಪ್‌ಲೈನ್ (ದತ್ತಾಂಶ ವಿಶ್ಲೇಷಿಸುವ ತಂತ್ರಾಂಶ) ಸೋತ ಕೇಸ್‌ಗಳೂ ಇವೆ. ಎಫ್‌ಎಲ್‌ಟಿ3 ಜೀನ್‌ನಲ್ಲಿ ಉದ್ದನೆಯ ತುಣುಕೊಂದು ಇಮ್ಮಡಿಯಾಗಿದ್ದ ಲ್ಯುಕೇಮಿಯಾ ಕೇಸ್ ಒಂದನ್ನು ನಮ್ಮ ಪೈಪ್‌ಲೈನ್ ನೆಗೆಟಿವ್ ಎಂದಿತ್ತು, ಕ್ಯಾಪಿಲರಿಯಲ್ಲಿ (ಡಿಎನ್‌ಎ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಸಣ್ಣ ನಳಿಕೆಯಲ್ಲಿ) ತುಣುಕಿನ ಉದ್ದ ಅಳೆದಾಗ ಮಾತ್ರ ಅದು ಸಿಕ್ಕಿತ್ತು. ಮೂರನೆಯ ವರ್ಷದ ಫೆಲೋ ಅದೇ ಕೇಸ್‌ನ ಕಚ್ಚಾ ರೀಡ್‌ಗಳನ್ನು (ಯಂತ್ರ ಓದಿದ ಡಿಎನ್‌ಎ ತುಣುಕುಗಳನ್ನು) ಪರದೆಯ ಮೇಲೆ ತೆರೆದು, ಅವುಗಳ ತುದಿಗಳು ಒಂದೇ ಜಾಗದಲ್ಲಿ ಕತ್ತರಿಸಿದಂತೆ ನಿಂತಿರುವುದನ್ನು ಗಮನಿಸಿ, ಲಕೋಟೆ ಒಡೆಯುವ ಮೊದಲೇ ಉತ್ತರ ಹೇಳಿದರು. ಆ ದಿನ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅಂಗಾಂಶ ಕಾಪಿಡುವ ಫಾರ್ಮಲಿನ್‌ನಲ್ಲಿ ಡಿಎನ್‌ಎಯ ಸೈಟೊಸಿನ್ (ಸಿ) ಕೆಟ್ಟು ಸಿ ಇದ್ದಲ್ಲಿ ಟಿ ಕಾಣುವ ಹಳೆಯ ಬ್ಲಾಕ್‌ಗಳನ್ನೂ ಪೆಟ್ಟಿಗೆಗೆ ಸೇರಿಸಿದ್ದೇನೆ. ಆದರೆ ಕೇಸ್‌ಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದೇನೆ, ಹನ್ನೊಂದನೆಯದರಲ್ಲಿ ಏನಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ಬರುವ ಫೆಲೋಗಳು ಇದನ್ನು ಓದುವ ಸಾಧ್ಯತೆಯಿದೆ.

ಖರ್ಚು ಈಗ ಫೆಲೋ ಒಬ್ಬರಿಗೆ ನಾಲ್ಕೂವರೆ, ಐದು ಸಾವಿರ ಡಾಲರ್‌ಗಳಲ್ಲಿ ಮುಗಿಯುತ್ತದೆ. ಅವಧಿ ಮೀರಿದ ಕಿಟ್‌ಗಳನ್ನು ರೋಗಿಗಳ ಮಾದರಿಗೆ ಬಳಸುವಂತಿಲ್ಲವಾದ್ದರಿಂದ, ಅವುಗಳ ಮೇಲೆ ತರಬೇತಿಗೆ ಮಾತ್ರ ಎಂಬ ಕೆಂಪು ಚೀಟಿ ಅಂಟಿಸಿ ಬೇರೆ ಫ್ರೀಜರ್‌ನಲ್ಲಿ ಇಡುತ್ತೇವೆ. ಪೂರ್ಣ ಸೀಕ್ವೆನ್ಸಿಂಗ್ ಓಟ ಫೆಲೋ ಒಬ್ಬರಿಗೆ ಒಂದೇ. ಉಳಿದದ್ದೆಲ್ಲ ಸಣ್ಣ ಪಿಸಿಆರ್ ಮತ್ತು ಕ್ಯಾಪಿಲರಿಯಲ್ಲಿ ನಡೆಯುತ್ತದೆ.

ಈ ನಡುವೆ ಫೆಲೋ ಒಬ್ಬರ ಪ್ರಶ್ನೆಯಿಂದ ಇನ್ನೊಂದು ಪ್ರಯೋಗ ಹುಟ್ಟಿತು. ಮೂಳೆಯ ಬಯಾಪ್ಸಿಗಳು ಪದೇ ಪದೇ ಏಕೆ ಸೋಲುತ್ತಿವೆ ಎಂದು ಅವರು ಕೇಳಿದ್ದರು. ಉಳಿಕೆ ಅಂಗಾಂಶವನ್ನು ಎರಡು ಭಾಗ ಮಾಡಿ, ಒಂದರ ಕ್ಯಾಲ್ಸಿಯಂ ಅನ್ನು ಆಮ್ಲದಿಂದಲೂ ಇನ್ನೊಂದರದ್ದನ್ನು ಇಡಿಟಿಎ ಎಂಬ ಸೌಮ್ಯ ರಾಸಾಯನಿಕದಿಂದಲೂ ತೆಗೆದು ಹೋಲಿಸಿದೆವು. ಆಮ್ಲದ ಕಡೆಯ ಡಿಎನ್‌ಎ ಎಷ್ಟು ಚೂರಾಗಿತ್ತೆಂದರೆ, ನೂರು ಬೇಸ್‌ಗಿಂತ ಉದ್ದದ ಪಿಸಿಆರ್ ಬಹುತೇಕ ಏಳಲೇ ಇಲ್ಲ. ಇಡಿಟಿಎ ನಿಧಾನವಾದರೂ ಮುನ್ನೂರರ ಆಸುಪಾಸಿನದ್ದನ್ನೂ ಕೊಟ್ಟಿತು. ಮಾಡಿದ್ದು ಒಂಬತ್ತೋ ಹತ್ತೋ ಮಾದರಿಗಳಲ್ಲಿ ಮಾತ್ರ, ಆದರೂ ಅಂಗಾಂಶ ಸಿದ್ಧಪಡಿಸುವ ಹಿಸ್ಟಾಲಜಿ ವಿಭಾಗದವರು ಆ ಜೆಲ್ ಚಿತ್ರ ನೋಡಿದ ತಿಂಗಳೇ ತಮ್ಮ ವಿಧಾನ ಬದಲಿಸಿದರು. ಪರಿಣಾಮವಾಗಿ ನನ್ನ ಪೆಟ್ಟಿಗೆಗೆ ಆ ಬಗೆಯ ಹೊಸ ಕೇಸ್‌ಗಳು ಸಿಗುವುದು ನಿಂತುಹೋಯಿತು.

ಕಳೆದ ನಾಲ್ವರೂ ಬೋರ್ಡ್ ಪರೀಕ್ಷೆಯನ್ನು ಮೊದಲ ಪ್ರಯತ್ನದಲ್ಲೇ ಮುಗಿಸಿದ್ದಾರೆ. ಮೂರನೆಯ ತಿಂಗಳಲ್ಲಿ ಸೈನ್‌ಔಟ್‌ಗೆ ಕೂತಾಗ ಅವರ ಕರಡುಗಳಲ್ಲಿ ನಾನು ತಿದ್ದುವುದು ಹಿಂದಿನ ಅರ್ಧವೂ ಇಲ್ಲ. ಅಂದು ಆಕ್ಷೇಪಿಸಿದ್ದ ಆ ಹಿರಿಯರು ಈ ವರ್ಷ ತಮ್ಮ ಇಬ್ಬರು ರೆಸಿಡೆಂಟ್‌ಗಳನ್ನು ಎರಡೆರಡು ವಾರಕ್ಕೆ ಪೆಟ್ಟಿಗೆಯ ಬಳಿ ಕೂರಿಸಲು ಸಾಧ್ಯವೇ ಎಂದು ಕೇಳಿದರು. ಹನ್ನೊಂದನೆಯ ಕೇಸ್ ಒಂದನ್ನು ತೆಗೆದಿಟ್ಟು, ಉಳಿದದ್ದನ್ನು ಅವರಿಗೆ ತೆರೆದುಕೊಟ್ಟಿದ್ದೇನೆ.