ಫ್ರೀಟೌನ್‌ಗೆ ಹೊರಡುವವರಿಗೆ

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ಅಂದ ಕೂಡಲೇ ಮನೆಯವರೆಲ್ಲ ಕೇಳಿದ್ದು ಬಂದೂಕಿನ ಬಗ್ಗೆ. 1991ರಲ್ಲಿ ಶುರುವಾದ ಅಲ್ಲಿನ ಅಂತರ್ಯುದ್ಧ 2002ರಲ್ಲೇ ಮುಗಿದಿದೆ. ಪಂಪ್‌ಸೆಟ್ ಕೆಲಸಕ್ಕೆ ಹೋಗಿದ್ದ ನನಗೆ ತಲೆನೋವಾಗಿದ್ದು ದೋಣಿ, ರಸ್ತೆ, ಸೊಳ್ಳೆ ಮತ್ತು ನೋಟು.

ಲುಂಗಿ ವಿಮಾನ ನಿಲ್ದಾಣ (ಹೌದು, ಹೆಸರು ಅದೇ) ಅಳಿವೆಯ ಒಂದು ದಡದಲ್ಲಿದೆ, ರಾಜಧಾನಿ ಫ್ರೀಟೌನ್ ಆಚೆ ದಡದಲ್ಲಿ. ರಸ್ತೆಯಲ್ಲಿ ಸುತ್ತಿ ಬಂದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಸ್ಪೀಡ್ ಬೋಟ್ ಆದರೆ ಮುಕ್ಕಾಲು ಗಂಟೆಯೊಳಗೆ ಮುಟ್ಟಿಸುತ್ತದೆ. ಕತ್ತಲಲ್ಲಿ ಹತ್ತಬೇಕಾಗಿ ಬಂದರೂ ಲೈಫ್ ಜಾಕೆಟ್‌ನ ಬಕಲ್ ಎಳೆದು ನೋಡಿ. ಪಕ್ಕದವರು ಹಾಕಿಲ್ಲ ಅಂತ ನೀವೂ ಸುಮ್ನೆ ಕೂರಬೇಡಿ. ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮೈಮೇಲೇ ಇಟ್ಟುಕೊಳ್ಳಿ. ದೋಣಿಯ ಟಿಕೆಟ್ ಅಗ್ಗವಲ್ಲ, ಖರ್ಚಿನ ಲೆಕ್ಕಕ್ಕೆ ಮೊದಲೇ ಸೇರಿಸಿಕೊಳ್ಳಿ.

ನಾನು ಹೋಗಿದ್ದು ಜನವರಿಯಲ್ಲಿ. ಧೂಳು ಇತ್ತು, ಆದರೆ ರಸ್ತೆ ಒಣಗಿತ್ತು. ಮೇಯಿಂದ ಅಕ್ಟೋಬರ್‌ವರೆಗೆ ಮಳೆ, ಆಗಸ್ಟ್‌ನಲ್ಲಂತೂ ವಿಪರೀತ. 2017ರ ಆಗಸ್ಟ್‌ನಲ್ಲಿ ಫ್ರೀಟೌನ್‌ನಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತರು. ಆ ತಿಂಗಳು ಬೇಡ.

ಕಾರ್ಡ್ ನಂಬಿಕೊಂಡು ಹೋಗಬೇಡಿ. ಹೊಸ, ಮಡಿಕೆ ಬೀಳದ ಡಾಲರ್ ನೋಟು ಒಯ್ಯಿರಿ. ಹಳೆಯದು, ಗೀಚಿದ್ದು ಕೊಟ್ಟರೆ ಮೂಗು ಮುರಿಯುತ್ತಾರೆ. ಅಲ್ಲಿನ ಹಣದ ಹೆಸರೂ ಲಿಯೋನ್. 2022ರಲ್ಲಿ ಅದರ ನೋಟಿನಿಂದ ಮೂರು ಸೊನ್ನೆ ತೆಗೆದರು, ಜನರ ಬಾಯಿಂದ ಹೋಗಿಲ್ಲ. ಸಂತೆಯಲ್ಲಿ ಐವತ್ತು ಸಾವಿರ ಅಂದರೆ ಗಾಬರಿಯಾಗಬೇಡಿ, ಹೊಸ ಲೆಕ್ಕದಲ್ಲಿ ಅದು 50. ಬೀದಿಯಲ್ಲಿ ಯಾರಾದರೂ ವಜ್ರ ತೋರಿಸಿದರೆ ಮಾತ್ರ ನಿಲ್ಲಲೇಬೇಡಿ.

ಓಡಾಟಕ್ಕೆ ಕೆಕೆ ಇದೆ. ನಮ್ಮ ಬಜಾಜ್, ಟಿವಿಎಸ್ ಆಟೋಗಳೇ. ಒಕಾಡಾ ಅನ್ನುವ ಬಾಡಿಗೆ ಬೈಕು ಬೇಗ ಮುಟ್ಟಿಸುತ್ತದೆ, ಆದರೆ ನಾನು ಹತ್ತಲಿಲ್ಲ. ಹೆಲ್ಮೆಟ್ ಸಿಗುವುದು ಕಷ್ಟ, ದೊಡ್ಡ ಆಸ್ಪತ್ರೆ ದೂರ. ಬೋ ಊರಿಗೆ ಹೋಗುವಾಗಲೂ ಬೆಳಕಿರುವಾಗಲೇ ತಲುಪುವ ಹಾಗೆ ಹೊರಡುತ್ತಿದ್ದೆವು. ದಾರಿಯ ತಪಾಸಣೆಗೆ ಪಾಸ್‌ಪೋರ್ಟಿನ ಜೆರಾಕ್ಸ್ ಕೈಗೆ ಸಿಗುವಂತಿರಲಿ.

ಯುದ್ಧದ ಮಾತು ನಾನಾಗಿ ಎತ್ತಲಿಲ್ಲ. ಮೊದಲು "ಕುಶೆ, ಹೌ ದಿ ಬಾಡಿ?" ಅಂತ ಅಲ್ಲಿನ ಆಡುಭಾಷೆ ಕ್ರಿಯೋದಲ್ಲಿ ಕುಶಲ ಕೇಳಬೇಕು, ಕೆಲಸದ ಮಾತು ಆಮೇಲೆ. ನಾವು ಇಂಡಿಯಾದವರು ಅಂದಾಗ ಒಬ್ಬ ಡ್ರೈವರ್ ತಾನೇ ನಮ್ಮ ಸೈನಿಕರ ವಿಷಯ ತೆಗೆದ. 2000ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದ ಗೂರ್ಖಾ ಯೋಧರನ್ನು ಬಂಡುಕೋರರು ಕೈಲಾಹುನ್‌ನಲ್ಲಿ ಸುತ್ತುವರಿದಿದ್ದರು. ಆಪರೇಷನ್ ಖುಕ್ರಿ ನಡೆಸಿ ಅವರನ್ನು ಬಿಡಿಸಲಾಯಿತು. ನಮ್ಮಲ್ಲಿ ಎಷ್ಟು ಜನಕ್ಕೆ ಇದು ನೆನಪಿದೆ? ಅವನು ಅಷ್ಟು ಹೇಳಿ ನಿಲ್ಲಿಸಿದ, ನಾನೂ ಕೆದಕಲಿಲ್ಲ. ಯುದ್ಧದಲ್ಲಿ ಕೈ ಕಳೆದುಕೊಂಡವರು ಬೀದಿಯಲ್ಲಿ ಕಾಣುತ್ತಾರೆ. ಅವರ ಫೋಟೋ ತೆಗೆಯುವುದು ಅಸಹ್ಯ. ವಿವರ ಬೇಕಿದ್ದರೆ ಫ್ರೀಟೌನ್‌ನಲ್ಲೇ ಪೀಸ್ ಮ್ಯೂಸಿಯಂ ಇದೆ, ಅಲ್ಲಿಗೆ ಹೋಗಿ.

ಊಟ ಅನ್ನವೇ, ಆ ವಿಷಯದಲ್ಲಿ ನಾವು ನೆಂಟರು. ಆದರೆ ಮರಗೆಣಸಿನ ಸೊಪ್ಪಿನ ಸಾರಿಗೂ ಒಣಮೀನು ಬಿದ್ದಿರುತ್ತದೆ. ಮಾಂಸ ಬೇಡ ಅಂದರೆ ಸಾಲದು, ಮೀನೂ ಬೇಡ ಅಂತ ಬಿಡಿಸಿ ಹೇಳಿ. ನಾನು ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ. ಯಾಕೆಂದರೆ ದೇಶದ ಪೂರ್ವದಲ್ಲಿ ಕೆನೆಮಾ ಕಡೆ ಇಲಿಯಿಂದ ಹರಡುವ ಲಾಸಾ ಜ್ವರ ಇದೆ. ಮಲೇರಿಯಾ ಎಲ್ಲೆಡೆ ಇದೆ, ಮಾತ್ರೆಯನ್ನು ಡಾಕ್ಟರ್ ಹೇಳಿದ ದಿನವೇ ಶುರುಮಾಡಿ.

ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು, ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ. ಆ ಲಸಿಕೆಯ ಕಾರ್ಡು ಇಲ್ಲದೆ ವಾಪಸ್ ಬಂದರೆ ಇಲ್ಲಿನ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು.