ಪಹಣಿಯ ಎಳೆ ಹಿಡಿದು ಮುತ್ತಜ್ಜನಾಚೆಗೆ

ವಂಶಾವಳಿ ಬರೆಯಲು ಕೂತರೆ ಹೆಚ್ಚಿನವರ ನೆನಪು ಮುತ್ತಜ್ಜನ ಹೆಸರಿಗೆ ನಿಂತುಬಿಡುತ್ತದೆ. ಹೊಲ-ಗದ್ದೆ ಇದ್ದ ಮನೆತನವಾದರೆ ಆಚೆಗಿನ ದಾರಿ ಜಮೀನಿನ ಕಾಗದದಲ್ಲಿದೆ.

ಮನೆಯ ಹಿರಿಯರಿಂದ ಮೂಲ ಊರು, ಮನೆದೇವರು, ಸರ್ವೆ ನಂಬರು ಮೊದಲು ತಿಳಿದುಕೊಳ್ಳಿ. ಅಜ್ಜಿಯರನ್ನು ಬಿಡಬೇಡಿ, ಯಾವ ಊರಿನ ಹೆಣ್ಣು ಯಾರ ಸೊಸೆ ಎಂಬುದು ಅವರ ಬಾಯಲ್ಲೇ ಇರುತ್ತದೆ.

ಆಮೇಲೆ ಪಹಣಿ, ಅಂದರೆ ಜಮೀನಿನ ಹಕ್ಕಿನ ವಿವರವಿರುವ ಸರ್ಕಾರಿ ದಾಖಲೆ (ಆರ್‌ಟಿಸಿ). 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ರಲ್ಲಿ ಹಕ್ಕು ಬಂದ ರೀತಿ ಮತ್ತು ಎಂಆರ್ (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ಪುಸ್ತಕ) ನಂಬರು ಇರುತ್ತವೆ. 'ಪೌತಿ' ಎಂದಿದ್ದರೆ ಖಾತೆದಾರ ತೀರಿಕೊಂಡು ವಾರಸುದಾರರಿಗೆ ಬಂದದ್ದು, 'ವಿಭಾಗ' ಎಂದರೆ ಪಾಲು. 'ಕ್ರಯ' ಕಂಡರೆ ಎಚ್ಚರ: ಅದರ ಹಿಂದಿನ ಖಾತೆದಾರ ಬೇರೆ ಮನೆತನದವನಿರಬಹುದು. ಎಂಆರ್ ನಂಬರು ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ಬದಲಾವಣೆಯ ದಾಖಲೆಯ ದೃಢೀಕೃತ ನಕಲು ಕೇಳಿ. ಅದರಲ್ಲಿ ಸಿಕ್ಕ ಹೆಸರನ್ನು ಅದಕ್ಕೂ ಹಳೆಯ ಕೈಬರಹದ ಪಹಣಿಯಲ್ಲಿ ಹುಡುಕಿ. 45/2 ಎಂಬ ಹಿಸ್ಸಾ (ಸರ್ವೆ ನಂಬರಿನ ಭಾಗ) ಹಿಂದೆ ಬರೀ 45 ಆಗಿದ್ದಿರಬಹುದು. ಹೀಗೆ ಪೋಡಿಯಾದದ್ದು, ಅಂದರೆ ನಂಬರು ಒಡೆದು ಭಾಗವಾದದ್ದು, ಗಮನಿಸದಿದ್ದರೆ ಎಳೆ ತಪ್ಪುತ್ತದೆ.

ಹಳೆ ಮೈಸೂರಿನ ಕಡತಗಳಲ್ಲಿ 'ತಿಮ್ಮೇಗೌಡ ಬಿನ್ ರಂಗೇಗೌಡ' ಎಂದರೆ ರಂಗೇಗೌಡನ ಮಗ. 'ನಂಜಮ್ಮ ಕೋಂ ತಿಮ್ಮೇಗೌಡ' ಎಂದರೆ ತಿಮ್ಮೇಗೌಡನ ಹೆಂಡತಿ. ಎಡವುವುದೂ ಇಲ್ಲಿಯೇ. ತಾತನ ಹೆಸರನ್ನು ಮೊಮ್ಮಗನಿಗಿಡುವ ರೂಢಿಯಿಂದ ತಿಮ್ಮೇಗೌಡ, ರಂಗೇಗೌಡ, ಮತ್ತೆ ತಿಮ್ಮೇಗೌಡ ಎಂದು ಸರಪಳಿ ಸಾಗುತ್ತದೆ. ಇಬ್ಬರನ್ನು ಒಬ್ಬನೆಂದುಕೊಂಡರೆ ಎರಡು ತಲೆಮಾರೇ ಮಾಯ. ಪ್ರತಿ ಹೆಸರಿನ ಮುಂದೆ ಅದು ಸಿಕ್ಕ ದಾಖಲೆಯ ವರ್ಷ ಬರೆಯಿರಿ. ತಲೆಮಾರಿಗೆ 25-30 ವರ್ಷ ಲೆಕ್ಕ ಹಾಕಿದಾಗ ಒಬ್ಬನೇ 70 ವರ್ಷ ಖಾತೆದಾರನಾಗಿದ್ದರೆ ಅನುಮಾನಪಡಿ. ದತ್ತು ಹೋದವರು, ಮನೆ ಅಳಿಯಂದಿರನ್ನೂ ಬೇರೆ ಗುರುತು ಹಾಕಿ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಂತೂ ಎಳೆ ಅಪ್ಪನಿಂದಲ್ಲ, ತಾಯಿಯಿಂದ ಹಿಡಿಯಬೇಕು.

ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರ ವಾರಸುದಾರಿಕೆ ತೋರಿಸಲು ಪಡೆಯುವ ಕಾಗದ. ಕುಟುಂಬದವರ ಹೇಳಿಕೆಯೇ ಅದರ ಬುಡ. ಹಳಬರ ವಿಷಯಕ್ಕೆ ಅದನ್ನು ನೆಚ್ಚಬೇಡಿ.

ಕಾಗದ ಮುಗಿದಲ್ಲಿ ಹೆಳವರು ಸಿಗುತ್ತಾರೆ. ಮನೆಮನೆಗೆ ಬಂದು ವಂಶ ಹೇಳಿ ಕಾಳುಕಡಿ ಪಡೆಯುವ ಇವರಿಗೆ ಒಕ್ಕಲು ಮನೆಗಳು ಗೊತ್ತುಮಾಡಿದಂತೆ ಇರುತ್ತವೆ. ನಿಮ್ಮ ಮೂಲ ಊರಿಗೆ ಬರುವ ಹೆಳವರು ಯಾರೆಂದು ಅಲ್ಲಿಯೇ ವಿಚಾರಿಸಿ. ಅವರು ಹೇಳುವುದನ್ನು ಅನುಮತಿ ಕೇಳಿ ಧ್ವನಿಮುದ್ರಿಸಿಕೊಳ್ಳಿ, ನಿಮ್ಮ ಪಟ್ಟಿಯನ್ನು ಮೊದಲೇ ಓದಿ ಹೇಳಬೇಡಿ. ಅವರ ಹೆಸರುಗಳು ಪಹಣಿಯಲ್ಲಿ ಸಿಕ್ಕ ಅತಿ ಹಳೆಯ ಎರಡು ತಲೆಮಾರಿಗೆ ತಾಳೆಯಾದರೆ ಮೇಲಿನದನ್ನು ಪೆನ್ಸಿಲ್ಲಿನಲ್ಲಿ ಸೇರಿಸಿಕೊಳ್ಳಿ.